ಇ-ಮೇಲ್ ತಂತ್ರಾಂಶದ ಪೂರ್ವನಿಗದಿತ ಏರ್ಪಾಡುಗಳು: ಗ್ರಾಮ ಪಂಚಾಯತಿ ಸದಸ್ಯರಿಗೊಂದು ಅಧ್ಯಯನ ಪಾಠ

ತುಮಕೂರು ನಗರದಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್, ಕುಣಿಗಲ್ಲಿಗೆ ಸುಮಾರು 35 ಕಿಲೋಮೀಟರ್. ಜಿಲ್ಲಾ ಪಂಚಾಯತಿಯ ಒಂದು ಪತ್ರವು ತಾಲ್ಲೂಕು ಪಂಚಾಯತಿಯ ಮೂಲಕ ಹಾಗಲವಾಡಿಯ ಕಡೆಗೋ ಹುಲಿಯೂರುದುರ್ಗದ ಕಡೆಗೋ ಟಪಾಲಿನಲ್ಲಿ ಹೋಗಿ ಸದಸ್ಯರ ಕೈ ಸೇರಲು ಹಿಂದೆ ದಿನಗಳೇ ಹಿಡಿಯುತ್ತಿದ್ದವು. ಈಗ ಅದೇ ಪತ್ರವು ಇ-ಮೇಲ್ ಮೂಲಕ ಕೆಲವು ಸೆಕೆಂಡುಗಳಲ್ಲಿ ತಲುಪುತ್ತದೆ. ಆದರೆ ತಲುಪುವುದು ಬೇರೆ, ಸದಸ್ಯರ ಕಣ್ಣಿಗೆ ಬೀಳುವುದು ಬೇರೆ. ತಲುಪಿದ ಪತ್ರ ಕಾಣದೆ ಹೋಗುವುದು, ಕಂಡರೂ ಅಕ್ಷರ ಓದಲು ಬಾರದಿರುವುದು, ದಿನಾಂಕ ತಪ್ಪಾಗಿ ಅರ್ಥವಾಗುವುದು, ಕಳುಹಿಸಬಾರದವರಿಗೆ ಕಡತ ಹೋಗುವುದು ಇತ್ಯಾದಿ ತೊಂದರೆಗಳಿಗೆ ಸಾಮಾನ್ಯವಾಗಿ ಸದಸ್ಯರ ಅಥವಾ ಸಿಬ್ಬಂದಿಯ ಅನನುಭವವನ್ನೇ ಕಾರಣವೆಂದು ಹೇಳಲಾಗುತ್ತದೆ. ಇದು ಪೂರ್ಣವಾಗಿ ನ್ಯಾಯವಾದ ಮಾತಲ್ಲ. ಈ ತೊಂದರೆಗಳಲ್ಲಿ ಹಲವು ತಂತ್ರಾಂಶವನ್ನು ಸಿದ್ಧಪಡಿಸಿದವರು ಮೊದಲೇ ಮಾಡಿಟ್ಟ ಆಯ್ಕೆಗಳಿಂದ ಉಂಟಾಗುತ್ತವೆ.

ಇಂತಹ ಆಯ್ಕೆಗಳಿಗೆ ಗಣಕ ಬಳಸುವವರು ಡೀಫಾಲ್ಟ್ ಸೆಟ್ಟಿಂಗ್ ಎನ್ನುತ್ತಾರೆ. ಈ ಪಾಠದಲ್ಲಿ ಅವನ್ನು ಪೂರ್ವನಿಗದಿತ ಏರ್ಪಾಡು ಎಂದು ಕರೆಯಲಾಗಿದೆ. ಬಳಕೆದಾರನು ಏನನ್ನೂ ಆರಿಸದಿದ್ದಾಗ ತಂತ್ರಾಂಶವು ತಾನಾಗಿಯೇ ಹೇಗೆ ನಡೆದುಕೊಳ್ಳುತ್ತದೆಯೋ ಅದೇ ಪೂರ್ವನಿಗದಿತ ಏರ್ಪಾಡು. ಜಿಲ್ಲೆಯ ರೈತರಿಗೆ ಇದನ್ನು ವಿವರಿಸಲು ಕೊಳವೆಬಾವಿಯ ಮೋಟಾರಿನ ಸ್ಟಾರ್ಟರ್ ಸಾಕು. ಸ್ಟಾರ್ಟರನ್ನು ‘ಆಟೋ’ದಲ್ಲಿ ಬಿಟ್ಟರೆ ನಡುರಾತ್ರಿಯಲ್ಲಿ ಕರೆಂಟು ಬಂದರೂ ಮೋಟಾರು ತಾನೇ ಚಾಲೂ ಆಗುತ್ತದೆ. ರೈತನು ನಿದ್ದೆಗೆಟ್ಟು ತೋಟಕ್ಕೆ ಹೋಗುವುದು ತಪ್ಪುತ್ತದೆ. ಆದರೆ ಬಾವಿಯಲ್ಲಿ ನೀರಿಲ್ಲದಿದ್ದರೆ ಕಾಯಿಲು ಸುಡುವುದೂ ಅದೇ ಏರ್ಪಾಡಿನಿಂದಲೇ. ಏರ್ಪಾಡು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದು ಯಾರ ಅನುಕೂಲಕ್ಕಾಗಿ, ಯಾವ ಸನ್ನಿವೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ಆದದ್ದು ಎಂಬುದೇ ಪ್ರಶ್ನೆ.

ಏರ್ಪಾಡು ಸರಿಯಿಲ್ಲದಿದ್ದರೆ ಬಳಸುವವರೇ ಬದಲಿಸಿಕೊಳ್ಳಬಹುದಲ್ಲವೆ ಎಂಬ ಆಕ್ಷೇಪ ಸಹಜ. ಅನುಭವ ಬೇರೆಯದನ್ನೇ ತೋರಿಸಿದೆ. ತಂತ್ರಾಂಶಗಳ ಬಳಕೆಯನ್ನು ಅಧ್ಯಯನ ಮಾಡುವ ಅಮೆರಿಕದ ಜೇರೆಡ್ ಸ್ಪೂಲ್ ಎಂಬುವರು ಹಿಂದೊಮ್ಮೆ ಮೈಕ್ರೋಸಾಫ್ಟ್ ವರ್ಡ್ ಬಳಸುತ್ತಿದ್ದ ಬಹಳಷ್ಟು ಜನರಿಂದ ಅವರವರ ಗಣಕದ ಸೆಟ್ಟಿಂಗ್ ಕಡತವನ್ನು ತರಿಸಿ ನೋಡಿದರು. ಯಾವುದಾದರೂ ಒಂದು ಏರ್ಪಾಡನ್ನು ಬದಲಿಸಿದ್ದವರು ನೂರಕ್ಕೆ 5 ಮಂದಿಗಿಂತ ಕಡಿಮೆ. ಟೈಪು ಮಾಡಿದ್ದನ್ನು ಆಗಾಗ ತಾನಾಗಿಯೇ ಉಳಿಸುವ ಸೌಲಭ್ಯವು ಆ ಕಾಲದ ಆವೃತ್ತಿಯಲ್ಲಿ ಪೂರ್ವನಿಗದಿತವಾಗಿ ಸ್ಥಗಿತಗೊಂಡಿತ್ತು. ಅದು ಹಾಗಿರುವುದಕ್ಕೆ ಏನೋ ಕಾರಣವಿರಬೇಕೆಂದು ಬಳಕೆದಾರರು ನಂಬಿ ಸುಮ್ಮನಿದ್ದರು. ವಿಚಾರಿಸಿದಾಗ ತಿಳಿದ ಕಾರಣ ವಿಚಿತ್ರವಾಗಿತ್ತು. ಪ್ರೋಗ್ರಾಮ್ ಬರೆದವರು ಸೆಟ್ಟಿಂಗ್ ಕಡತದ ಎಲ್ಲ ಸ್ಥಾನಗಳಲ್ಲಿ ಸೊನ್ನೆ ತುಂಬಿದ್ದರು, ಸೊನ್ನೆ ಎಂದರೆ ‘ಬೇಡ’ ಎಂದರ್ಥ. ಯಾರೂ ಯೋಚಿಸಿ ತೀರ್ಮಾನಿಸಿರಲೇ ಇಲ್ಲ. ಸರ್ಕಾರಿ ನಮೂನೆಗಳಲ್ಲಿ ಯಾರೋ ಎಂದೋ ಹಾಕಿದ ಅಂಕಣವೊಂದು ಅರ್ಥ ಕಳೆದುಕೊಂಡ ಮೇಲೂ ವರ್ಷಾನುಗಟ್ಟಲೆ ಮುದ್ರಣವಾಗುತ್ತ ಬರುವುದನ್ನು ಕಂಡವರಿಗೆ ಇದು ಆಶ್ಚರ್ಯವೆನಿಸಲಾರದು.

ಎಲ್ಲ ಏರ್ಪಾಡುಗಳೂ ಅಜಾಗರೂಕತೆಯ ಫಲವಲ್ಲ. ಕೆಲವು ತಯಾರಕರ ಲಾಭಕ್ಕಾಗಿಯೇ ಇರುತ್ತವೆ. ಬೆಂಗಳೂರಿನಲ್ಲಿ ಶಾಲಾ ದಿನಗಳನ್ನು ಕಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡನೆ 1996ರ ಜುಲೈ 4ರಂದು ಹಾಟ್‌ಮೇಲ್ ಎಂಬ ಉಚಿತ ಇ-ಮೇಲ್ ಸೇವೆಯನ್ನು ಆರಂಭಿಸಿದರು. ಆ ಸೇವೆಯ ಮೂಲಕ ಯಾರು ಯಾರಿಗೆ ಪತ್ರ ಬರೆದರೂ ಅದರ ಕೊನೆಯಲ್ಲಿ ‘ನೀವೂ ಉಚಿತ ಇ-ಮೇಲ್ ಪಡೆಯಿರಿ’ ಎಂಬರ್ಥದ ಸಾಲೊಂದು ತಾನಾಗಿಯೇ ಸೇರಿಕೊಳ್ಳುತ್ತಿತ್ತು. ಪತ್ರ ಬರೆದವರು ಅದನ್ನು ಬರೆದಿರಲಿಲ್ಲ. ಆದರೂ ಆ ಒಂದು ಸಾಲಿನ ಬಲದಿಂದ ಸೇವೆಯು ಅತಿ ಶೀಘ್ರವಾಗಿ ಹರಡಿ 1997ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಇಂದು ಮೊಬೈಲಿನಿಂದ ಹೋಗುವ ಎಷ್ಟೋ ಪತ್ರಗಳ ಅಡಿಯಲ್ಲಿ ಫೋನ್ ಕಂಪನಿಯ ಹೆಸರು ಕಾಣುವುದು ಇದೇ ಪದ್ಧತಿಯ ಮುಂದುವರಿಕೆ. ಗ್ರಾಮ ಪಂಚಾಯತಿಯ ಅಧ್ಯಕ್ಷರ ಅಧಿಕೃತ ಪತ್ರದ ಕೊನೆಯಲ್ಲಿ ಅಂತಹ ಜಾಹೀರಾತು ಇರುವುದು ಶೋಭಿಸುವುದಿಲ್ಲ. ಆ ಸಾಲನ್ನು ತೆಗೆದು ಹೆಸರು, ಪದನಾಮ, ಪಂಚಾಯತಿ ಮತ್ತು ತಾಲ್ಲೂಕಿನ ಹೆಸರುಗಳನ್ನು ಹಾಕಿಕೊಳ್ಳುವುದು ಎರಡು ನಿಮಿಷದ ಕೆಲಸ.

ಸ್ಪ್ಯಾಮ್ ಪೆಟ್ಟಿಗೆ ಮತ್ತು 30 ದಿನಗಳು

ಪಂಚಾಯತಿಯ ದೃಷ್ಟಿಯಿಂದ ಅತ್ಯಂತ ಗಂಭೀರವಾದ ಏರ್ಪಾಡು ಸ್ಪ್ಯಾಮ್ ಪೆಟ್ಟಿಗೆಗೆ ಸಂಬಂಧಿಸಿದ್ದು. ಅನಪೇಕ್ಷಿತ ಪತ್ರಗಳೆಂದು ತಂತ್ರಾಂಶವು ಭಾವಿಸಿದವುಗಳನ್ನು ಅದು ಬೇರೆ ಪೆಟ್ಟಿಗೆಗೆ ಹಾಕುತ್ತದೆ. ಜಿಮೇಲ್‌ನಲ್ಲಿ ಆ ಪೆಟ್ಟಿಗೆಗೆ ಬಿದ್ದ ಪತ್ರವು 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ. ಅಲ್ಲಿ ಪತ್ರ ಬಂದಿದೆ ಎಂದು ಮೊಬೈಲು ಸದ್ದು ಮಾಡಿ ತಿಳಿಸುವುದಿಲ್ಲ. ಲಾಟರಿ ಬಂದಿದೆ ಎಂಬ ಮೋಸದ ಪತ್ರಗಳನ್ನು ದೂರವಿಡಲು ಇದು ಉತ್ತಮ ವ್ಯವಸ್ಥೆಯೇ. ಆದರೆ ಪರಿಚಯವಿಲ್ಲದ ವ್ಯಕ್ತಿಯೊಬ್ಬರು ಮೊದಲ ಬಾರಿಗೆ ಕಳುಹಿಸುವ ಪತ್ರವೂ, ಒಂದೇ ಪಠ್ಯವನ್ನು ಹಲವಾರು ವಿಳಾಸಗಳಿಗೆ ಒಮ್ಮೆಗೇ ಕಳುಹಿಸಿದ ಸುತ್ತೋಲೆಯೂ ಕೆಲವೊಮ್ಮೆ ಅದೇ ಪೆಟ್ಟಿಗೆಗೆ ಬೀಳುತ್ತವೆ. ಪಂಚಾಯತಿಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಈ ಎರಡು ಬಗೆಯವೇ ಆಗಿರುತ್ತವೆ ಎಂಬುದನ್ನು ಗಮನಿಸಬೇಕು.

ಈಗ ಕಾನೂನಿನ ಕಡೆ ನೋಡತಕ್ಕದ್ದು. ಮಾಹಿತಿ ಹಕ್ಕು ಅಧಿನಿಯಮ, 2005ರ 6(1)ನೇ ಪ್ರಕರಣದಂತೆ ನಾಗರಿಕನು ಮಾಹಿತಿಗಾಗಿ ಲಿಖಿತವಾಗಿ ಇಲ್ಲವೆ ವಿದ್ಯುನ್ಮಾನ ವಿಧಾನದಲ್ಲಿ, ನಿಗದಿತ ಶುಲ್ಕದೊಡನೆ ಕೋರಿಕೆ ಸಲ್ಲಿಸಬಹುದು. 7(1)ನೇ ಪ್ರಕರಣದಂತೆ ಕೋರಿಕೆ ಸ್ವೀಕೃತವಾದ 30 ದಿನಗಳೊಳಗೆ ಸಾರ್ವಜನಿಕ ಮಾಹಿತಿ ಅಧಿಕಾರಿಯು ಮಾಹಿತಿ ನೀಡಬೇಕು ಅಥವಾ ಕಾರಣ ತಿಳಿಸಿ ನಿರಾಕರಿಸಬೇಕು. ಸಮಂಜಸ ಕಾರಣವಿಲ್ಲದೆ ವಿಳಂಬವಾದರೆ 20ನೇ ಪ್ರಕರಣದ ಮೇರೆಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿಗಳವರೆಗೆ ದಂಡ ವಿಧಿಸಲು ಮಾಹಿತಿ ಆಯೋಗಕ್ಕೆ ಅಧಿಕಾರವಿದೆ. ಅಂದರೆ ಉತ್ತರಕ್ಕೆ ಕಾನೂನು ಕೊಟ್ಟ ಅವಧಿ ಮುಗಿಯುವ ಹೊತ್ತಿಗೆ ಸರಿಯಾಗಿ ಸ್ಪ್ಯಾಮ್ ಪೆಟ್ಟಿಗೆಯಲ್ಲಿದ್ದ ಕೋರಿಕೆಯೂ ಕಣ್ಮರೆಯಾಗಿರುತ್ತದೆ. ಕೋರಿಕೆ ಬಂದಿತ್ತೆಂಬುದಕ್ಕೆ ಅರ್ಜಿದಾರನ ಬಳಿ ದಾಖಲೆ ಉಳಿಯುತ್ತದೆ, ಪಂಚಾಯತಿಯ ಬಳಿ ಏನೂ ಉಳಿಯುವುದಿಲ್ಲ.

‘ನಾವು ನೋಡಲೇ ಇಲ್ಲ’ ಎಂಬ ಸಮಜಾಯಿಷಿಗೆ ಎಷ್ಟು ಬೆಲೆ? ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಿದ್ಯುನ್ಮಾನ ದಾಖಲೆಗಳನ್ನು ಸ್ವೀಕರಿಸಲೆಂದು ಒಬ್ಬರು ನಿರ್ದಿಷ್ಟ ಗಣಕ ವ್ಯವಸ್ಥೆಯನ್ನು ಗೊತ್ತುಪಡಿಸಿದ್ದರೆ, ಪಕ್ಷಗಳ ನಡುವೆ ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಆ ವ್ಯವಸ್ಥೆಯನ್ನು ದಾಖಲೆಯು ಪ್ರವೇಶಿಸಿದ ಕ್ಷಣದಲ್ಲಿಯೇ ಅದು ಸ್ವೀಕೃತವಾದಂತೆ. ತೆರೆದು ಓದಿದ ಕ್ಷಣದಲ್ಲಿ ಅಲ್ಲ. ಪಂಚಾಯತಿಯ ಇ-ಮೇಲ್ ವಿಳಾಸವನ್ನು ಪತ್ರಶಿರದ ಮೇಲೆಯೂ ಸೂಚನಾ ಫಲಕದ ಮೇಲೆಯೂ ಪ್ರಕಟಿಸಿದ ಮೇಲೆ, ಪತ್ರ ಯಾವ ಪೆಟ್ಟಿಗೆಯಲ್ಲಿ ಬಿದ್ದಿತ್ತು ಎಂಬ ವಾದ ಬಹಳ ದುರ್ಬಲವಾಗುತ್ತದೆ. ತಂತ್ರಾಂಶ ತಯಾರಕರು ಮಾಡಿಟ್ಟ ಏರ್ಪಾಡಿಗೆ ಉತ್ತರ ಕೊಡಬೇಕಾದವರು ಪಂಚಾಯತಿಯವರೇ.

ಆದುದರಿಂದ ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ವಾರಕ್ಕೆ ಕನಿಷ್ಠ ಎರಡು ಬಾರಿ ಸ್ಪ್ಯಾಮ್ ಪೆಟ್ಟಿಗೆಯನ್ನು ತೆರೆದು ನೋಡುವ ಹೊಣೆಯನ್ನು ಸಿಬ್ಬಂದಿಯೊಬ್ಬರಿಗೆ ಹೆಸರಿಸಿ ವಹಿಸುವುದು ಒಳ್ಳೆಯದು. ‘ಎಲ್ಲರೂ ನೋಡುತ್ತಾರೆ’ ಎಂದರೆ ಯಾರೂ ನೋಡುವುದಿಲ್ಲ. ತಾಲ್ಲೂಕು ಪಂಚಾಯತಿ ಮತ್ತು ಜಿಲ್ಲಾ ಪಂಚಾಯತಿಯ ವಿಳಾಸಗಳನ್ನು ಸಂಪರ್ಕಗಳ ಪಟ್ಟಿಗೆ ಸೇರಿಸಬೇಕು. ಜಿಮೇಲ್‌ನಲ್ಲಿ ಫಿಲ್ಟರ್ ಎಂಬ ಸೌಲಭ್ಯವಿದ್ದು, ನಿರ್ದಿಷ್ಟ ವಿಳಾಸದಿಂದ ಬಂದ ಪತ್ರವನ್ನು ಎಂದಿಗೂ ಸ್ಪ್ಯಾಮ್‌ಗೆ ಹಾಕಬಾರದೆಂದು ಅದರಲ್ಲಿ ಆದೇಶಿಸಬಹುದು. ಈ ಸೌಲಭ್ಯ ಹಲವು ವರ್ಷಗಳಿಂದ ಇದ್ದರೂ ಅದನ್ನು ಹುಡುಕಿ ತೆಗೆಯುವುದೇ ಕಷ್ಟ. ಇದೂ ವಿನ್ಯಾಸದ ದೋಷವೇ.

ಸ್ಪ್ಯಾಮ್ ಅಲ್ಲದಿದ್ದರೂ ಕಾಣದೆ ಹೋಗುವ ಇನ್ನೊಂದು ದಾರಿಯಿದೆ. 2013ರಿಂದ ಜಿಮೇಲ್ ಒಳಬರುವ ಪತ್ರಗಳನ್ನು ಪ್ರಾಥಮಿಕ, ಸಾಮಾಜಿಕ, ಪ್ರಚಾರ ಮುಂತಾದ ವಿಭಾಗಗಳಾಗಿ ತಾನೇ ವಿಂಗಡಿಸುತ್ತಿದೆ. ಸದಸ್ಯರು ಸಾಧಾರಣವಾಗಿ ಮೊದಲ ವಿಭಾಗವನ್ನಷ್ಟೇ ನೋಡುತ್ತಾರೆ. ತರಬೇತಿಯ ಆಹ್ವಾನ ಪ್ರಚಾರ ವಿಭಾಗದಲ್ಲಿ ಬಟ್ಟೆ ಅಂಗಡಿಯ ರಿಯಾಯಿತಿ ಪತ್ರಗಳ ನಡುವೆ ಕುಳಿತಿರುವುದು ಅಸಂಭವವಲ್ಲ. ದಿನಕ್ಕೆ ಐದಾರು ಪತ್ರ ಮಾತ್ರ ಬರುವ ಸದಸ್ಯರಿಗೆ ಈ ವಿಂಗಡಣೆಯಿಂದ ಯಾವ ಉಪಯೋಗವೂ ಇಲ್ಲ; ಸೆಟ್ಟಿಂಗ್‌ನಲ್ಲಿ ಇತರ ವಿಭಾಗಗಳ ಗುರುತು ತೆಗೆದರೆ ಎಲ್ಲವೂ ಒಂದೇ ಪಟ್ಟಿಯಲ್ಲಿ ಬರುತ್ತವೆ.

ಹಳೆಯ ಪತ್ರದ ಹೊಟ್ಟೆಯಲ್ಲಿ ಹೊಸ ಸಭಾ ಸೂಚನೆ

ಒಂದೇ ವಿಷಯದ ಮೇಲಿನ ಪತ್ರ, ಉತ್ತರ, ಪ್ರತ್ಯುತ್ತರಗಳನ್ನು ಒಂದು ಕಟ್ಟಾಗಿ ಕಟ್ಟಿ ತೋರಿಸುವುದು ಜಿಮೇಲ್‌ನ ಪೂರ್ವನಿಗದಿತ ಕ್ರಮ. ಇದಕ್ಕೆ ಸಂವಾದ ನೋಟ ಎನ್ನುತ್ತಾರೆ. ಕಚೇರಿಗಳಲ್ಲಿ ಇನ್ನೊಂದು ರೂಢಿಯಿದೆ. ಎಲ್ಲ ಸದಸ್ಯರ ವಿಳಾಸಗಳನ್ನು ಮತ್ತೆ ಟೈಪು ಮಾಡುವ ಶ್ರಮ ತಪ್ಪಿಸಲು ಕಳೆದ ತಿಂಗಳ ಪತ್ರವನ್ನೇ ತೆರೆದು, ‘ಎಲ್ಲರಿಗೂ ಉತ್ತರಿಸಿ’ ಒತ್ತಿ, ಹೊಸ ಸೂಚನೆಯನ್ನು ಅದರಲ್ಲಿ ಬರೆದು ಕಳುಹಿಸುತ್ತಾರೆ. ಈ ರೂಢಿ ಮತ್ತು ಆ ಏರ್ಪಾಡು ಒಂದುಗೂಡಿದಾಗ ಆಗುವುದನ್ನು ಉದಾಹರಣೆಯಾಗಿ ಹೀಗೆ ವಿವರಿಸಬಹುದು. ಗುಬ್ಬಿ ತಾಲ್ಲೂಕಿನ ಸದಸ್ಯರೊಬ್ಬರ ಮೊಬೈಲಿನಲ್ಲಿ ‘ಜೂನ್ ತಿಂಗಳ ಸಾಮಾನ್ಯ ಸಭೆ’ ಎಂಬ ಶೀರ್ಷಿಕೆಯ ಪತ್ರವು ಆಗಸ್ಟ್‌ನಲ್ಲಿ ಮತ್ತೆ ಮೇಲಕ್ಕೆ ಬರುತ್ತದೆ. ಜೂನ್ ಸಭೆ ಮುಗಿದುಹೋಯಿತಲ್ಲ ಎಂದು ಅವರು ತೆರೆಯುವುದಿಲ್ಲ. ತೆರೆದರೂ ಹಳೆಯ ಪತ್ರಗಳೆಲ್ಲ ಮಡಚಿಕೊಂಡಿದ್ದು ಹೊಸ ಸೂಚನೆ ಕೆಳಗಿರುತ್ತದೆ. ತಮ್ಮ ವಾರ್ಡಿನ ಕುಡಿಯುವ ನೀರಿನ ಕಾಮಗಾರಿ ಕ್ರಿಯಾ ಯೋಜನೆಯಲ್ಲಿ ಸೇರಬೇಕಾದ ದಿನ ಆ ಸದಸ್ಯರು ಸಭೆಯಲ್ಲಿ ಇರುವುದಿಲ್ಲ. ಸೂಚನೆ ತಲುಪಿಲ್ಲವೆಂದು ಅವರೂ, ಕಳುಹಿಸಿದ್ದೇವೆಂದು ಕಚೇರಿಯವರೂ ಹೇಳುತ್ತಾರೆ. ಇಬ್ಬರ ಮಾತೂ ನಿಜವೇ.

ಪ್ರತಿ ಸಭೆಗೂ ಹೊಸ ಪತ್ರವನ್ನೇ ಆರಂಭಿಸಿ, ಶೀರ್ಷಿಕೆಯಲ್ಲಿ ಸಭೆಯ ದಿನಾಂಕವನ್ನು ಮೊದಲು ಬರೆಯಬೇಕು. ಶೀರ್ಷಿಕೆ ಬದಲಾದರೆ ಜಿಮೇಲ್ ಅದನ್ನು ಬೇರೆ ಕಟ್ಟಾಗಿ ತೋರಿಸುತ್ತದೆ. ಎಲ್ಲ ಸದಸ್ಯರ ವಿಳಾಸಗಳನ್ನು ಒಂದು ಗುಂಪಾಗಿ ಸಂಪರ್ಕ ಪಟ್ಟಿಯಲ್ಲಿ ಒಮ್ಮೆ ಉಳಿಸಿಕೊಂಡರೆ ಹಳೆಯ ಪತ್ರವನ್ನು ಆಶ್ರಯಿಸುವ ಅಗತ್ಯವೇ ಬೀಳದು. ಸಂವಾದ ನೋಟವನ್ನು ಬೇಕಿಲ್ಲದವರು ಸ್ಥಗಿತಗೊಳಿಸಲೂಬಹುದು. ಇನ್ನು, ಇ-ಮೇಲ್ ಮಾತ್ರವೇ ಕಳುಹಿಸಿ ಸಭಾ ಸೂಚನೆಯ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಸಲ್ಲದು. ನಿಯಮಾನುಸಾರ ಸೂಚನೆ ಜಾರಿ ಮಾಡುವ ಕ್ರಮ ಹಾಗೆಯೇ ಇರತಕ್ಕದ್ದು.

ಕನ್ನಡ ಅಕ್ಷರಗಳ ಪಾಡು

ಇ-ಮೇಲ್ ಹುಟ್ಟಿದ್ದು 1971ರಲ್ಲಿ, ಅಮೆರಿಕದ ರೇ ಟಾಮ್‌ಲಿನ್ಸನ್ ಎಂಬ ಎಂಜಿನಿಯರ್ ಒಂದು ಗಣಕದಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದಾಗ. ಅಂದಿನ ವ್ಯವಸ್ಥೆಯ ಪೂರ್ವನಿಗದಿತ ಲಿಪಿ ರೋಮನ್. ಜಗತ್ತಿನ ಉಳಿದ ಲಿಪಿಗಳು ಆಮೇಲೆ ಸೇರಿಸಿದವು, ಅದೂ ಒಂದಾದ ಮೇಲೊಂದು ತೇಪೆಯಂತೆ. ಈ ಇತಿಹಾಸದ ಪರಿಣಾಮವನ್ನು ಕನ್ನಡ ಕಚೇರಿಗಳು ಇಂದಿಗೂ ಅನುಭವಿಸುತ್ತಿವೆ.

ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶವು ರಾಜ್ಯದ ಕಚೇರಿಗಳಲ್ಲಿ ಕನ್ನಡದ ಟೈಪಿಂಗನ್ನು ಸಾಧ್ಯವಾಗಿಸಿತು. ಅದರ ಉಪಕಾರ ದೊಡ್ಡದು. ಆದರೆ ಅದರ ಹಳೆಯ ವಿಧಾನದಲ್ಲಿ ಗಣಕದೊಳಗೆ ಉಳಿಯುತ್ತಿದ್ದುದು ಕನ್ನಡ ಅಕ್ಷರವಲ್ಲ. ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಲಾಗುತ್ತಿತ್ತು. ಆ ಫಾಂಟು ಇರುವ ಗಣಕದಲ್ಲಿ ಚೊಕ್ಕವಾದ ಕನ್ನಡ ಕಾಣುತ್ತದೆ. ಅದೇ ಪಠ್ಯವನ್ನು ನಕಲು ಮಾಡಿ ಇ-ಮೇಲ್‌ನಲ್ಲಿ ಅಂಟಿಸಿದರೆ, ಫಾಂಟು ಹಿಂದೆಯೇ ಉಳಿದು, ಪಡೆದವರ ಮೊಬೈಲಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಕಳುಹಿಸಿದವರ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಇದ್ದ ಕಾರಣ ಅವರಿಗೆ ದೋಷವೇ ತಿಳಿಯುವುದಿಲ್ಲ. ಪಡೆದವರು ತಮ್ಮ ಮೊಬೈಲು ಹಾಳಾಗಿದೆ ಎಂದುಕೊಳ್ಳುತ್ತಾರೆ.

ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಕೇತ ಸಂಖ್ಯೆಯಿದೆ. ಆ ವಿಧಾನದಲ್ಲಿ ಟೈಪು ಮಾಡಿದ ಪಠ್ಯವು ಯಾವ ಮೊಬೈಲಿಗೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ. ಈ ಕೊನೆಯ ಅಂಶವು ಪಂಚಾಯತಿಗೆ ಬಹಳ ಮುಖ್ಯ. ಮೂರು ವರ್ಷಗಳ ಹಿಂದೆ ಕೆರೆಯ ಒತ್ತುವರಿ ಕುರಿತು ಬಂದ ಪತ್ರವನ್ನು ಹುಡುಕಬೇಕಾದಾಗ, ‘ಒತ್ತುವರಿ’ ಎಂದು ಟೈಪು ಮಾಡಿದರೆ ಯೂನಿಕೋಡ್ ಪತ್ರ ಕ್ಷಣದಲ್ಲಿ ಎದುರಿಗೆ ಬರುತ್ತದೆ. ಹಳೆಯ ವಿಧಾನದ ಪತ್ರ ಅದೇ ಪೆಟ್ಟಿಗೆಯಲ್ಲಿದ್ದರೂ ಸಿಗುವುದಿಲ್ಲ. ನುಡಿಯ ಎರಡೂ ವಿಧಾನಗಳಿರುವ ಆವೃತ್ತಿಗಳಲ್ಲಿ ಯಾವುದು ಆಯ್ಕೆಯಾಗಿದೆ ಎಂಬುದನ್ನು ಟೈಪು ಆರಂಭಿಸುವ ಮುನ್ನ ನೋಡಿಕೊಂಡು, ಯೂನಿಕೋಡ್ ಅಲ್ಲದಿದ್ದರೆ ಬದಲಿಸಬೇಕು. ಹಳೆಯ ಪಠ್ಯಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಪರಿವರ್ತನೆಯ ಬಳಿಕ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾಡಿಸುವುದು ಕ್ಷೇಮ, ಏಕೆಂದರೆ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೂ ಅನರ್ಥವಾಗುತ್ತದೆ.

ಜಿಮೇಲ್‌ನ ಪರದೆಯ ಭಾಷೆಯನ್ನೇ ಕನ್ನಡಕ್ಕೆ ಬದಲಿಸಿಕೊಳ್ಳಬಹುದು ಎಂಬುದು ಅನೇಕರಿಗೆ ತಿಳಿಯದು, ಏಕೆಂದರೆ ಅದು ಇಂಗ್ಲಿಷಿನಲ್ಲಿಯೇ ಆರಂಭವಾಗಿರುತ್ತದೆ. ಕೆಲವು ಕನ್ನಡ ಪದಗಳು ಕೃತಕವೆನಿಸಿದರೂ ಇಂಗ್ಲಿಷ್ ಓದಲು ಹಿಂಜರಿಯುವ ಸದಸ್ಯರಿಗೆ ಇದರಿಂದ ಧೈರ್ಯ ಬರುತ್ತದೆ. ಅಕ್ಷರಗಳ ಗಾತ್ರವನ್ನೂ ಮೊಬೈಲಿನ ಸೆಟ್ಟಿಂಗ್‌ನಲ್ಲಿ ದೊಡ್ಡದು ಮಾಡಿಕೊಳ್ಳಬಹುದು.

ದಿನಾಂಕ ಮತ್ತು ವೇಳೆ

ಅಮೆರಿಕದಲ್ಲಿ ದಿನಾಂಕ ಬರೆಯುವಾಗ ತಿಂಗಳು ಮೊದಲು, ದಿನ ಆಮೇಲೆ. ಗಣಕದ ಪ್ರದೇಶವನ್ನು ಅಮೆರಿಕ ಎಂದೇ ಬಿಟ್ಟಿದ್ದರೆ ಎಕ್ಸೆಲ್ ಕಡತದಲ್ಲಿ 5/6 ಎಂದು ಟೈಪು ಮಾಡಿದ್ದು ಜೂನ್ 5 ಆಗುವ ಬದಲು ಮೇ 6 ಆಗುತ್ತದೆ. ತಮಾಷೆಯೆಂದರೆ 13/6 ಎಂದು ಬರೆದರೆ ಹದಿಮೂರನೆಯ ತಿಂಗಳು ಇಲ್ಲದ ಕಾರಣ ಅದು ದಿನಾಂಕವೆಂದೇ ಪರಿಗಣಿತವಾಗುವುದಿಲ್ಲ. ಹೀಗೆ ಒಂದೇ ಫಲಾನುಭವಿ ಪಟ್ಟಿಯಲ್ಲಿ ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳ ದಿನಾಂಕಗಳು ಸದ್ದಿಲ್ಲದೆ ತಪ್ಪಾಗಿ, ಉಳಿದವು ಬರೆದ ಹಾಗೆಯೇ ಉಳಿಯುತ್ತವೆ. ಇ-ಮೇಲ್ ಮೂಲಕ ಆ ಪಟ್ಟಿ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋದ ಮೇಲೆ ತಪ್ಪಿನ ಮೂಲ ಹುಡುಕುವುದು ಕಷ್ಟ.

ವೇಳೆಯ ವಿಷಯವೂ ಹೀಗೆಯೇ. ಹೊಸ ಗಣಕದ ಕಾಲವಲಯವನ್ನು ಅಮೆರಿಕದ ಪಶ್ಚಿಮ ಕರಾವಳಿಯದೆಂದೇ ಬಿಟ್ಟಿದ್ದರೆ, ಚಳಿಗಾಲದಲ್ಲಿ ನಮ್ಮ ವೇಳೆಗಿಂತ 13 ಗಂಟೆ 30 ನಿಮಿಷ ಹಿಂದೆ ಇರುತ್ತದೆ. ಸೋಮವಾರ ಬೆಳಿಗ್ಗೆ 10ಕ್ಕೆ ಬಂದ ಪತ್ರವು ಭಾನುವಾರ ರಾತ್ರಿ 8.30ಕ್ಕೆ ಬಂದಂತೆ ತೋರುತ್ತದೆ. ಟೆಂಡರ್ ಅಥವಾ ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಯಾವುದೆಂಬ ವಿವಾದದಲ್ಲಿ ಮುದ್ರಿಸಿ ಕಡತಕ್ಕೆ ಸೇರಿಸಿದ ಇ-ಮೇಲ್ ಪ್ರತಿಯೇ ಗೊಂದಲಕ್ಕೆ ಕಾರಣವಾಗಬಹುದು. ಕಚೇರಿಗೆ ಹೊಸ ಗಣಕ ಬಂದ ದಿನವೇ ಪ್ರದೇಶ ಭಾರತ, ಕಾಲವಲಯ ಭಾರತೀಯ ಪ್ರಮಾಣ ವೇಳೆ ಎಂದು ಗೊತ್ತುಪಡಿಸಿದರೆ ಈ ಎರಡೂ ಸಮಸ್ಯೆಗಳು ಮುಗಿಯುತ್ತವೆ. ಪತ್ರಗಳಲ್ಲಿ ತಿಂಗಳನ್ನು ಅಂಕಿಯ ಬದಲು ಅಕ್ಷರದಲ್ಲಿ ಬರೆಯುವುದು ಇನ್ನೂ ಸುಲಭ ಉಪಾಯ.

ಸ್ಕ್ಯಾನ್ ಮಾಡಿದ ನಡವಳಿ ಏಕೆ ಹೋಗುವುದಿಲ್ಲ

ಸಭೆಯ ನಡವಳಿಯನ್ನು ಸ್ಕ್ಯಾನ್ ಮಾಡಿ ಕಳುಹಿಸಲು ಹೋದಾಗ ಗಂಟೆಗಟ್ಟಲೆ ಸುತ್ತುತ್ತಲೇ ಇರುವುದು ಸಾಮಾನ್ಯ ದೂರು. ಇಂಟರ್‌ನೆಟ್ ನಿಧಾನವೆಂದು ದೂರುವ ಮೊದಲು ಸ್ಕ್ಯಾನರಿನ ಏರ್ಪಾಡನ್ನು ನೋಡಬೇಕು. ಎ-4 ಹಾಳೆಯೊಂದನ್ನು 300 ಡಿಪಿಐ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಬಿಂದುಗಳಾಗುತ್ತವೆ. ಬಣ್ಣದಲ್ಲಿ ಪ್ರತಿ ಬಿಂದುವಿಗೆ 24 ಬಿಟ್, ಬರಿಯ ಕಪ್ಪು-ಬಿಳುಪಿನಲ್ಲಿ ಒಂದೇ ಬಿಟ್ ಬೇಕು. ಸಂಕುಚಿತಗೊಳಿಸುವ ಮೊದಲು ಬಣ್ಣದ ಹಾಳೆಯೊಂದು ಸುಮಾರು 26 ಎಂ.ಬಿ., ಕಪ್ಪು-ಬಿಳುಪಿನದು ಸುಮಾರು 1 ಎಂ.ಬಿ. ನೀಲಿ ಶಾಯಿಯ ಸಹಿ ಕಾಣಬೇಕೆಂಬುದಲ್ಲದೆ ನಡವಳಿಗೆ ಬಣ್ಣದ ಅಗತ್ಯವೇನೂ ಇಲ್ಲ. ಸಹಿಯ ಪುಟವನ್ನು ಮಾತ್ರ ಬಣ್ಣದಲ್ಲಿ ಇಟ್ಟುಕೊಳ್ಳಬಹುದು. ಅನೇಕ ಯಂತ್ರಗಳು ಬಣ್ಣವನ್ನೇ ಪೂರ್ವನಿಗದಿತವಾಗಿ ಇಟ್ಟಿರುತ್ತವೆ. ಇದಲ್ಲದೆ ಇ-ಮೇಲ್ ಹಳೆಯ ರೋಮನ್ ವ್ಯವಸ್ಥೆಯ ಮೇಲೆ ಕಟ್ಟಿದ್ದಾದ್ದರಿಂದ ಲಗತ್ತಿಸಿದ ಕಡತವನ್ನು ಸಾಗಿಸಲು ಅಕ್ಷರಗಳಾಗಿ ಪರಿವರ್ತಿಸಲಾಗುತ್ತದೆ. ಆಗ ಅದರ ಗಾತ್ರ ಸುಮಾರು ಮೂರನೇ ಒಂದರಷ್ಟು ಹೆಚ್ಚುತ್ತದೆ.

ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂ.ಬಿ. ಅದನ್ನು ಮೀರಿದರೆ ಕಡತವು ತಾನಾಗಿ ಗೂಗಲ್ ಡ್ರೈವ್‌ಗೆ ಹೋಗಿ ಪತ್ರದಲ್ಲಿ ಕೊಂಡಿ ಮಾತ್ರ ಉಳಿಯುತ್ತದೆ. ಕೊಂಡಿಯನ್ನು ತೆರೆಯುವ ಅನುಮತಿ ಕೊಡದೆ ಕಳುಹಿಸಿದರೆ ಪಡೆದವರಿಗೆ ಬೀಗ ಹಾಕಿದ ಬಾಗಿಲೇ ಸಿಗುತ್ತದೆ.

ಕಳುಹಿಸುವ ಗುಂಡಿ ಒತ್ತುವ ಮೊದಲು ಮತ್ತು ಒತ್ತಿದ ಮೇಲೆ

ಒಮ್ಮೆ ಪತ್ರ ಕಳುಹಿಸಿದ ವಿಳಾಸವನ್ನು ಜಿಮೇಲ್ ಪೂರ್ವನಿಗದಿತವಾಗಿ ನೆನಪಿಟ್ಟುಕೊಂಡು, ಮುಂದಿನ ಬಾರಿ ಮೊದಲ ಒಂದೆರಡು ಅಕ್ಷರ ಟೈಪು ಮಾಡಿದೊಡನೆ ಪೂರ್ಣ ವಿಳಾಸವನ್ನು ಸೂಚಿಸುತ್ತದೆ. ಒಂದೇ ಹೆಸರಿನ ಇಬ್ಬರಿದ್ದಾಗ, ಕುಣಿಗಲ್ ತಾಲ್ಲೂಕಿನ ಒಂದು ಗ್ರಾಮದ ವಸತಿ ಫಲಾನುಭವಿಗಳ ಪಟ್ಟಿ, ಅವರ ಬ್ಯಾಂಕ್ ಖಾತೆ ಮತ್ತು ಆಧಾರ್ ವಿವರಗಳೊಡನೆ, ಸಂಬಂಧವಿಲ್ಲದ ಗುತ್ತಿಗೆದಾರರಿಗೆ ಹೋಗಿಬಿಡಬಹುದು. ಬಡ ಕುಟುಂಬಗಳ ವಿವರ ಮೋಸಗಾರರ ಕೈಗೆ ಸಿಕ್ಕರೆ ನಷ್ಟ ಅನುಭವಿಸುವವರು ಆ ಕುಟುಂಬದವರು, ಗುಂಡಿ ಒತ್ತಿದವರಲ್ಲ. ವಿಳಾಸವನ್ನು ಕೊನೆಗೆ ಬರೆಯುವ ಅಭ್ಯಾಸ ಇದಕ್ಕೆ ಒಳ್ಳೆಯ ಮದ್ದು. ಪತ್ರ ಬರೆದು, ಕಡತ ಲಗತ್ತಿಸಿ, ಎಲ್ಲವನ್ನೂ ಓದಿದ ಮೇಲೆ ಮಾತ್ರ ಯಾರಿಗೆ ಎಂಬ ಸಾಲನ್ನು ತುಂಬಬೇಕು.

ಕಳುಹಿಸಿದ್ದನ್ನು ಹಿಂತೆಗೆದುಕೊಳ್ಳಲು ಜಿಮೇಲ್ ಪೂರ್ವನಿಗದಿತವಾಗಿ ಕೊಡುವ ಕಾಲ 5 ಸೆಕೆಂಡು. ಕನ್ನಡಕ ಸರಿಪಡಿಸಿಕೊಳ್ಳುವಷ್ಟರಲ್ಲಿ ಅದು ಕಳೆದಿರುತ್ತದೆ. ಇದನ್ನು 10, 20 ಅಥವಾ 30 ಸೆಕೆಂಡುಗಳಿಗೆ ಹೆಚ್ಚಿಸಬಹುದು. 30 ಎಂದೇ ಇಡುವುದು ಲೇಸು. ಈ ಬದಲಾವಣೆಯನ್ನು ಗಣಕದಲ್ಲಿ ಜಿಮೇಲ್ ತೆರೆದು, ಬಲಮೇಲ್ತುದಿಯ ಚಕ್ರದ ಚಿಹ್ನೆಯ ಮೂಲಕ ಎಲ್ಲ ಸೆಟ್ಟಿಂಗ್‌ಗಳಿಗೆ ಹೋಗಿ ಮಾಡಬೇಕು. ಪುಟದ ತೀರ ಕೆಳಗಿರುವ ‘ಬದಲಾವಣೆಗಳನ್ನು ಉಳಿಸಿ’ ಎಂಬ ಗುಂಡಿಯನ್ನು ಒತ್ತದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಆ ಗುಂಡಿಯನ್ನು ಅಷ್ಟು ಕೆಳಗೆ ಏಕೆ ಇಟ್ಟರೋ ತಿಳಿಯದು. ಗ್ರಾಮ ಪಂಚಾಯತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಗಣಕವಿದ್ದಲ್ಲಿ ಸದಸ್ಯರು ಅಲ್ಲಿ ಕುಳಿತು ಈ ಬದಲಾವಣೆಗಳನ್ನು ಮಾಡಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ಖಾತೆಯಿಂದ ಹೊರಬರಲು ಮರೆಯಬಾರದು.

ಔಟ್‌ಲುಕ್‌ನಂತಹ ತಂತ್ರಾಂಶದಲ್ಲಿ ಪಾಪ್ ಎಂಬ ವಿಧಾನದಿಂದ ಪತ್ರ ಇಳಿಸಿಕೊಳ್ಳುವ ಕಚೇರಿಗಳು ಒಂದು ವಿಷಯ ಗಮನಿಸಬೇಕು. ಹಳೆಯ ಆವೃತ್ತಿಗಳು ಪತ್ರವನ್ನು ಇಳಿಸಿಕೊಂಡೊಡನೆ ಸರ್ವರಿನಿಂದ ಅಳಿಸುತ್ತಿದ್ದವು. 2010ರ ಆವೃತ್ತಿಯಿಂದ 14 ದಿನ ಬಿಟ್ಟು ಅಳಿಸುವುದು ಪೂರ್ವನಿಗದಿತ ಕ್ರಮವಾಯಿತು. ಎರಡರಲ್ಲಿಯೂ ಪತ್ರವು ಕೊನೆಗೆ ಒಂದೇ ಗಣಕದಲ್ಲಿ ಉಳಿಯುತ್ತದೆ. ಸಿಡಿಲಿಗೋ ವೋಲ್ಟೇಜ್ ಏರಿಳಿತಕ್ಕೋ ಆ ಗಣಕ ಕೆಟ್ಟರೆ ಪಂಚಾಯತಿಯ ಪತ್ರವ್ಯವಹಾರವೇ ಹೋದಂತೆ. ಐಮ್ಯಾಪ್ ವಿಧಾನಕ್ಕೆ ಬದಲಿಸಿಕೊಂಡರೆ ಪತ್ರಗಳು ಸರ್ವರಿನಲ್ಲಿಯೇ ಉಳಿಯುತ್ತವೆ.

ಖಾತೆ ಯಾರದು

ಖಾತೆ ತೆರೆಯುವಾಗ ಕೊಟ್ಟ ಮೊಬೈಲ್ ಸಂಖ್ಯೆಯು ಮುಂದೆ ಗುಪ್ತಪದ ಮರೆತಾಗ ಖಾತೆಯನ್ನು ಮರಳಿ ಪಡೆಯುವ ಸಂಖ್ಯೆಯಾಗುವುದು ಸಾಮಾನ್ಯ. ಪಂಚಾಯತಿಯ ಖಾತೆಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಅಥವಾ ಡಾಟಾ ಎಂಟ್ರಿ ಆಪರೇಟರರ ಸ್ವಂತ ಸಂಖ್ಯೆ ಕೊಟ್ಟಿದ್ದು, ಅವರು ವರ್ಗಾವಣೆಯಾಗಿ ಹೋದರೆ, ಖಾತೆಯ ಬೀಗದ ಕೈಯೂ ಅವರೊಡನೆ ಹೋಗುತ್ತದೆ. ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ನಗದು ಪುಸ್ತಕ, ಚೆಕ್ ಪುಸ್ತಕ, ಮೊಹರುಗಳ ಜೊತೆಗೆ ಇ-ಮೇಲ್ ಖಾತೆ, ಅದರ ಮರುಪಡೆಯುವ ಸಂಖ್ಯೆ ಮತ್ತು ಪರ್ಯಾಯ ವಿಳಾಸವನ್ನೂ ಸೇರಿಸಿ, ಹಸ್ತಾಂತರದ ದಿನವೇ ಹೊಸಬರ ಸಮಕ್ಷಮದಲ್ಲಿ ಬದಲಿಸಬೇಕು. ಸರ್ಕಾರದಿಂದ ಒದಗಿಸಿದ ಅಧಿಕೃತ ವಿಳಾಸವಿರುವಲ್ಲಿ ಕಚೇರಿ ವ್ಯವಹಾರಕ್ಕೆ ಅದನ್ನೇ ಬಳಸತಕ್ಕದ್ದು.

ಸದಸ್ಯರ ವೈಯಕ್ತಿಕ ಖಾತೆಗಳ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. ಚುನಾಯಿತರಾದ ಹೊಸದರಲ್ಲಿ ತರಬೇತಿಯ ಸಮಯದಲ್ಲಿ ತೆರೆದ ಖಾತೆಯನ್ನು ಅನೇಕರು ಮತ್ತೆ ಮುಟ್ಟುವುದಿಲ್ಲ. ಗೂಗಲ್ 2023ರಲ್ಲಿ ಪ್ರಕಟಿಸಿದ ನೀತಿಯಂತೆ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಅದರಲ್ಲಿರುವ ಪತ್ರಗಳ ಸಮೇತ ಅಳಿಸಬಹುದು. ಗ್ರಾಮ ಪಂಚಾಯತಿಯ ಅವಧಿ ಐದು ವರ್ಷ. ಹೀಗಾಗಿ ಕಚೇರಿಯ ದಾಖಲೆಯಲ್ಲಿರುವ ಸದಸ್ಯರೊಬ್ಬರ ವಿಳಾಸವು ಅವರ ಅವಧಿ ಅರ್ಧ ಮುಗಿಯುವಷ್ಟರಲ್ಲಿಯೇ ಇಲ್ಲವಾಗಿರಬಹುದು. ತಿಂಗಳಿಗೊಮ್ಮೆ ಸಾಮಾನ್ಯ ಸಭೆಯ ದಿನ, ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಮುನ್ನ, ಮೊಬೈಲಿನಲ್ಲಿ ಖಾತೆಯನ್ನು ತೆರೆದು ಒಂದು ಪತ್ರವನ್ನಾದರೂ ಓದಿದರೆ ಖಾತೆ ಜೀವಂತವಾಗಿರುತ್ತದೆ. ಸ್ಪ್ಯಾಮ್ ಪೆಟ್ಟಿಗೆಯನ್ನು ಆ ಹೊತ್ತಿನಲ್ಲಿಯೇ ನೋಡಿಬಿಡಬಹುದು.